ಧಾನ್ಯಪೇಟೆ ಚೌಕದ ನಡುಮನೆ

ನಮ್ಮ ಹೋಲ್ಡರ್‌ಸ್ಟೆಟ್ ಊರನ್ನು ಕೆಳಗೆ ನಿಂತು ನೋಡಿದವರೆಲ್ಲ ಚೆಂದ ಎನ್ನುತ್ತಾರೆ. ಮೇಲೆ ನಿಂತು ದಿನಾ ನೋಡುತ್ತಿದ್ದವನು ಗೆರ್ವಿನ್ ಟೋಲ್ಕೆ ಒಬ್ಬನೇ, ಅವನ ಬಾಯಲ್ಲಿ ಆ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಹೊಗೆಗೂಡು ಗುಡಿಸುವವನಿಗೆ ಊರೆಂದರೆ ಸಡಿಲವಾದ ಹೆಂಚು, ಬಿರುಕು ಬಿಟ್ಟ ಗಾರೆ, ಕಾಗೆಗೂಡು, ಕಾಲು ಜಾರಿಸುವ ಪಾಚಿ. ಪುರಭವನದ ಮುಂದಿನ ದೊಡ್ಡ ಚೌಕ, ಅದರ ಬೆನ್ನಿಗಿರುವ ಮೀನುಪೇಟೆ, ಚರ್ಚಿನ ಬದಿಯ ಧಾನ್ಯಪೇಟೆ ಚೌಕ, ಎಲ್ಲವೂ ಅವನಿಗೆ ಹೆಂಚಿನ ಮಾಡಿನ ಇಳಿಜಾರುಗಳಾಗಿಯೇ ನೆನಪಿದ್ದವು. ಆದರೆ ಧಾನ್ಯಪೇಟೆಯ ಉತ್ತರ ದಿಕ್ಕಿನ ಐದು ಮನೆಗಳ ಸಾಲಿನ ಮೇಲೆ ಬಂದಾಗ ಮಾತ್ರ ಅವನು ಹೆಗಲ ಮೇಲಿನ ಹಗ್ಗ ಇಳಿಸಿ, ಒಂದು ಸಿಗರೇಟು ಸೇದಿ ಮುಂದೆ ಹೋಗುತ್ತಿದ್ದ. ಮರದ ಚೌಕಟ್ಟು ಕಟ್ಟಿ, ನಡುವೆ ಮಣ್ಣು ಹುಲ್ಲು ಮೆತ್ತಿ ನಿಲ್ಲಿಸಿದ ಮನೆಗಳು. ನಾನೂರು ವರ್ಷದಲ್ಲಿ ಒಂದೂ ನೆಟ್ಟಗೆ ಉಳಿದಿರಲಿಲ್ಲ. ಜಾತ್ರೆ ಮುಗಿಸಿ ಬರುವ ಕುಡುಕರ ಹಾಗೆ ಒಂದಕ್ಕೊಂದು ಭುಜ ಕೊಟ್ಟುಕೊಂಡು ನಿಂತಿದ್ದವು. ನಡುವಿನದನ್ನು ಎಳೆದರೆ ಅತ್ತ ಎರಡು, ಇತ್ತ ಎರಡು ನೆಲಕ್ಕೆ ಬರುತ್ತವೆ ಎಂದು ಊರಿನ ಮಕ್ಕಳಿಗೂ ಗೊತ್ತಿತ್ತು.

ಗೆರ್ವಿನ್ ಹುಟ್ಟಿದ್ದು ಆ ಸಾಲಿನ ಮೂಲೆಮನೆಯಲ್ಲಿ. ಐವತ್ತು ದಾಟಿದ, ಸಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಕರಿ ಅಂಗಿ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ, ತಲೆಗೆ ಉದ್ದನೆಯ ಕರಿ ಟೋಪಿ. ಹೊಗೆಗೂಡಿನವನು ಎದುರು ಬಂದರೆ ಶುಭ, ಅವನ ಗುಂಡಿ ಹಿಡಿದು ತಿರುವಿದರೆ ಆ ವರ್ಷ ಮನೆಗೆ ಕೇಡಿಲ್ಲ ಎನ್ನುವುದು ನಮ್ಮವರ ನಂಬಿಕೆ. ಯುದ್ಧದ ನಂತರ ಬಂದ ಕಮ್ಯುನಿಸ್ಟ್ ಸರ್ಕಾರ ದೇವರನ್ನೇ ಮೂಲೆಗೆ ಕೂರಿಸಿತು, ಈ ಗುಂಡಿಯನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಪಕ್ಷದ ಕಾರ್ಯದರ್ಶಿಯ ಹೆಂಡತಿಯೂ ಅತ್ತಿತ್ತ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಒಮ್ಮೆ ತಿರುವಿಯೇ ಹೋಗುತ್ತಿದ್ದಳು. ಗೆರ್ವಿನ್‌ನ ಹೆಂಡತಿ ರೋಸ್ವಿತಾ ಆಗಾಗ ಗುಂಡಿ ಹೊಲಿದು ಕೊಡುತ್ತ, ಊರಿಗೆಲ್ಲ ಅದೃಷ್ಟ ಹಂಚುತ್ತೀಯ, ಮನೆಗೆ ಮಸಿ ಮಾತ್ರ ತರುತ್ತೀಯ ಎಂದು ಗೊಣಗುತ್ತಿದ್ದಳು.

ಎಂಬತ್ತಮೂರರ ಅಕ್ಟೋಬರಿನಲ್ಲಿ ಡೀಟ್ಮಾರ್ ಕ್ನಾಪೆ ಅವನನ್ನು ಪುರಭವನದ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡ. ಕ್ನಾಪೆ ನಗರಸಭೆಯ ವಸತಿ ವಿಭಾಗದ ಮುಖ್ಯಸ್ಥ; ಶಾಲೆಯಲ್ಲಿ ಗೆರ್ವಿನ್‌ನ ಪಕ್ಕ ಕೂತು ಲೆಕ್ಕ ನಕಲು ಮಾಡುತ್ತಿದ್ದವನು. ಮುಂದಿನ ಅಕ್ಟೋಬರಿಗೆ ಗಣರಾಜ್ಯಕ್ಕೆ ಮೂವತ್ತೈದು ತುಂಬುತ್ತದೆ, ಅಷ್ಟರೊಳಗೆ ಧಾನ್ಯಪೇಟೆಯ ಉತ್ತರ ಬದಿಯಲ್ಲಿ ಹೊಸ ಕಟ್ಟಡ ಏಳಬೇಕು ಎಂದು ಜಿಲ್ಲೆಯಿಂದ ಅಪ್ಪಣೆಯಾಗಿತ್ತು. ಸಾಲಿನ ನಾಲ್ಕು ಮನೆಗಳವರು ಆಗಲೇ ಊರಾಚೆಯ ಕಾಂಕ್ರೀಟ್ ಬಡಾವಣೆಗೆ ಹೋಗಿದ್ದರು. ಅವರನ್ನು ಬೈಯುವಂತಿಲ್ಲ, ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಮನೆಯನ್ನು ಬೇಡ ಎನ್ನುವವರು ಯಾರು? ಉಳಿದವಳು ನಡುಮನೆಯ ಒಟ್ಟೀಲಿಯೆ ಬ್ರಾಂಡಿಸ್ ಒಬ್ಬಳು. ಎಂಬತ್ತರ ಹತ್ತಿರದ ಮುದುಕಿ, ಒಂದು ಕಾಲದಲ್ಲಿ ಚರ್ಮದ ಕೈಗವಸು ಹೊಲಿಯುತ್ತಿದ್ದವಳು, ಯುದ್ಧಕ್ಕೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಹೊಸ ಫ್ಲಾಟಿನ ಕೀಲಿ ಹಿಡಿದು ಬಂದವರನ್ನು ಅವಳು ಹೊಸ್ತಿಲಾಚೆಯೇ ನಿಲ್ಲಿಸಿ ಕಳಿಸಿದ್ದಳು. ಒಲೆ ಉರಿಯುವ ಮನೆಯಿಂದ ಬಾಡಿಗೆದಾರಳನ್ನು ಎಬ್ಬಿಸಲು ಕಾನೂನು ಬಿಡುವುದಿಲ್ಲ. ಒಲೆ ಹಚ್ಚಲು ಯೋಗ್ಯವಲ್ಲ ಎಂದು ಊರಿನ ಹೊಗೆಗೂಡಿನ ಮೇಸ್ತ್ರಿ, ಅಂದರೆ ಗೆರ್ವಿನ್, ಬರೆದುಕೊಟ್ಟರೆ ಆ ಮಾತೇ ಬೇರೆ.

"ಸುಳ್ಳು ಬರಿ ಅಂತ ನಾನು ಹೇಳ್ತಿಲ್ಲ ಕಣೋ," ಎಂದ ಕ್ನಾಪೆ. "ಸರಿಯಾಗಿ ನೋಡು ಅಂತಿದೀನಿ, ಅಷ್ಟೆ. ಅಷ್ಟು ಹಳೇ ಗೂಡು, ಸರಿಯಾಗಿ ನೋಡಿದ್ರೆ ಏನಾದ್ರೂ ಸಿಕ್ಕೇ ಸಿಗುತ್ತೆ."

"ಏನೂ ಸಿಗದಿದ್ರೆ?"

"ಮುನ್ನೂರು ಕುಟುಂಬ ಮನೆಗೆ ಕಾಯ್ತಾ ಕೂತಿದೆ, ಗೆರ್ವಿನ್. ಮಕ್ಕಳು ಅಡುಗೆಮನೇಲಿ ಮಲಗ್ತಿದಾವೆ. ಒಬ್ಬ ಮುದುಕಿಗೋಸ್ಕರ ಅವರಿಗೆಲ್ಲ ಏನು ಹೇಳ್ಲಿ? ನೀನೇ ಹೇಳು."

ಗೆರ್ವಿನ್ ಹಗ್ಗವನ್ನು ಹೆಗಲಿಗೆ ಏರಿಸಿಕೊಂಡ. ಏನಾದರೂ ಸರಿ, ಆ ಮನೆಯಲ್ಲಿ ಒಂದು ಕೂದಲೆಳೆಯಷ್ಟು ದೋಷವೂ ತನ್ನ ಕಣ್ಣಿಗೆ ಬೀಳುವುದಿಲ್ಲ ಎಂದು ಮೆಟ್ಟಿಲು ಇಳಿಯುವಷ್ಟರಲ್ಲೇ ನಿಶ್ಚಯಿಸಿಬಿಟ್ಟಿದ್ದ. ಆ ಹಟವೇ ಅವನನ್ನು ಹಾಳು ಮಾಡಿತು ಎನ್ನುವವರಿದ್ದಾರೆ. ಇರಬಹುದು.

ಒಟ್ಟೀಲಿಯೆ ಬಾಗಿಲು ತೆಗೆದವಳೇ, "ಬಂದ್ಯಾ ಮಸಿಯಪ್ಪ? ಕಾಲೊರೆಸ್ಕೊ," ಎಂದಳು. ಅವನು ಕಲಿಯಲು ಬಂದ ಹುಡುಗನಾಗಿದ್ದಾಗ ಇಟ್ಟ ಹೆಸರು. ಮೇಸ್ತ್ರಿಯಾದ ಮೇಲೂ ಬಿಟ್ಟಿರಲಿಲ್ಲ. ಅವಳ ಮನೆಯ ನೆಲದ ಹಲಗೆಗಳನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದಳು. ಅಂಥ ನೆಲದ ಮೇಲೆ ಹೊಗೆಗೂಡಿನವನು ನಡೆಯುವುದೆಂದರೆ ಪರೀಕ್ಷೆಯೇ ಸರಿ. ಪ್ಲಮ್ ಹಣ್ಣಿನ ಕೇಕು ಒಲೆಯ ಪಕ್ಕ ಆರುತ್ತಿತ್ತು. ಕೆಲಸ ಮುಗಿದ ಮೇಲೆ ತಿನ್ನುವುದು, ಮೊದಲೇ ಮುಟ್ಟುವ ಹಾಗಿಲ್ಲ ಎಂದು ಎಚ್ಚರಿಕೆಯೂ ಆಯಿತು.

ಅವನು ಮಾಡು ಹತ್ತಿ ಗೂಡಿನ ಬಾಯಿಗೆ ಒದ್ದೆ ಗೋಣಿ ಮುಚ್ಚಿದ. ಕೆಳಗೆ ಬಂದು ಒಲೆಯಲ್ಲಿ ಹಸಿ ಹುಲ್ಲು ಹೊತ್ತಿಸಿದ. ಗೂಡಿನ ತುಂಬ ಹೊಗೆ ತುಂಬಿದಾಗ ಎಲ್ಲಿ ಬಿರುಕಿದೆಯೋ ಅಲ್ಲಿಂದ ಅದು ಹೊರಗೆ ಇಣುಕಲೇಬೇಕು. ಅಡುಗೆಮನೆಯ ಗೋಡೆ ಗಟ್ಟಿಯಾಗಿತ್ತು. ಕೂರುವ ಕೋಣೆಯದೂ ಗಟ್ಟಿ. ಮಹಡಿಯ ಮಲಗುವ ಕೋಣೆಯಲ್ಲಿ ಮಾತ್ರ ಗೋಡೆಗೆ ಒತ್ತಿ ದೊಡ್ಡ ಬಟ್ಟೆ ಬೀರು ನಿಂತಿತ್ತು. ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲು ಅವನ ಕೈ ಒಪ್ಪಲಿಲ್ಲ, ಅಷ್ಟು ವರ್ಷದ ಅಭ್ಯಾಸ. ಮುದುಕಿ ಒಂದು ಕಡೆ ತಳ್ಳಿದಳು, ಅವನು ಇನ್ನೊಂದು ಕಡೆ ಎಳೆದ. ಬೀರು ಸರಿಯಿತು. ಹಿಂದಿನ ಹೂವಿನ ಗೋಡೆಕಾಗದದ ಅಂಚಿನಿಂದ ಬೂದು ಬಣ್ಣದ ಹೊಗೆ ಸದ್ದಿಲ್ಲದೆ ತೆವಳಿಕೊಂಡು ಹೊರಗೆ ಬರುತ್ತಿತ್ತು, ಅವಳ ದಿಂಬಿನಿಂದ ಒಂದು ಮೊಳ ದೂರದಲ್ಲಿ.

ಗೆರ್ವಿನ್ ಬಾಗಿ ಆ ಅಂಚನ್ನು ಬೆರಳಿನಿಂದ ಸವರಿದ. ಕಾಗದ ಹರಿದು ನೋಡಿದ. ಗೂಡಿನ ಗೋಡೆ ಬೆರಳು ಹೋಗುವಷ್ಟು ಸೀಳಿತ್ತು. ಯಾಕೆಂದೂ ಅವನಿಗೆ ಕೂಡಲೇ ಹೊಳೆಯಿತು. ಪಕ್ಕದ ಮನೆ ಖಾಲಿಯಾದ ಮೇಲೆ ನಗರಸಭೆಯವರು ಬೇರೆಲ್ಲಿಗೋ ಬೇಕೆಂದು ಅದರ ಹೆಂಚು ಇಳಿಸಿಕೊಂಡು ಹೋಗಿದ್ದರು. ಎರಡು ಚಳಿಗಾಲದ ಮಳೆ ಹಿಮ ನೇರ ಒಳಗೆ ಬಿದ್ದು ತೊಲೆ ಕೊಳೆತಿತ್ತು, ಮನೆ ಇನ್ನಷ್ಟು ವಾಲಿ ಈ ಗೋಡೆಯನ್ನೂ ಜೊತೆಗೆ ಎಳೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಮೇಯ್ದ ಬೇಲಿಗೆ ಈಗ ಸಾಕ್ಷಿ ಬರೆದುಕೊಡಬೇಕಾದವನು ತಾನು.

ಅವನು ಮಂಚದ ಅಂಚಿನಲ್ಲಿ ಕೂತುಬಿಟ್ಟ, ಮಸಿ ಬಟ್ಟೆಯಲ್ಲೇ. ಸತ್ಯ ಬರೆದರೆ ಈ ವಾರವೇ ಮುದುಕಿಯ ಸಾಮಾನು ಬೀದಿಗೆ, ಮುಂದಿನ ವಾರ ಸಾಲು ನೆಲಕ್ಕೆ. ಸರಿಯಿದೆ ಎಂದು ಬರೆದರೆ ಯಾವುದಾದರೂ ಚಳಿಯ ಬೆಳಗ್ಗೆ ಅವಳು ಈ ಹಾಸಿಗೆಯಿಂದ ಏಳುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅವಳಿಂದ ಮುಚ್ಚಿಡುವ ಮನಸ್ಸಾಗಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ.

ಅವಳು ಮೊದಲು ಹಾಸಿಗೆಯ ಹೊದಿಕೆಗೆ ಹತ್ತಿದ ಮಸಿಯನ್ನು ನೋಡಿದಳು, ಆಮೇಲೆ ಅವನನ್ನು. "ಇಷ್ಟು ವರ್ಷ ಗುಡಿಸ್ತಿದ್ದೀಯ, ನಿಂಗೆ ಇವತ್ತೇ ಕಾಣ್ಬೇಕಿತ್ತಾ?"

"ಹಿಂದೆ ಬೀರು ಸರಿಸಿ ನೋಡ್ದಾಗ ಇರ್ಲಿಲ್ಲ, ಫ್ರೌ ಬ್ರಾಂಡಿಸ್."

"ನೋಡು, ನಾನು ಇದೇ ಕೋಣೇಲಿ ಹುಟ್ಟಿದೋಳು. ಸಾಯೋಕೆ ಅಂತ ಲಿಫ್ಟ್ ಹತ್ಕೊಂಡು ಐದನೇ ಮಹಡಿಗೆ ಹೋಗಲ್ಲ. ನೀನೇನು ಬರೀತೀಯೋ ಬರಿ, ನಾನಂತೂ ಕದಲಲ್ಲ."

ಗೆರ್ವಿನ್ ಬಹಳ ಹೊತ್ತು ಆ ಸೀಳನ್ನೇ ನೋಡುತ್ತ ಯೋಚಿಸಿದ. ಇಟ್ಟಿಗೆ ಭಟ್ಟಿಯಲ್ಲಿ ಅವನಿಗೆ ಪರಿಚಯದವರಿದ್ದರು. ಸುಟ್ಟ ಮಣ್ಣಿನ ಕೊಳವೆ ಸಿಕ್ಕರೆ ಗೂಡಿನ ಒಳಗೇ ಮೇಲಿಂದ ಕೆಳಗೆ ಇಳಿಸಬಹುದು, ಆಗ ಗೋಡೆ ಸೀಳಿದರೂ ಭಯವಿಲ್ಲ. ಆದರೆ ನಮ್ಮಲ್ಲಿ ಆಗ ಕೊಳವೆಯೆಂದರೆ ಇಂದು ಕೇಳಿ ನಾಳೆ ತರುವ ವಸ್ತುವಲ್ಲ. ಕ್ನಾಪೆಗೆ ಬರಹ ಬೇಕಾದದ್ದು ಸೋಮವಾರಕ್ಕೆ. ಈಗ ಸರಿಯಿದೆ ಎಂದು ಸಹಿ ಹಾಕುವುದು, ಕೊಳವೆ ಬಂದೊಡನೆ ಸರಿ ಮಾಡುವುದು, ಅಲ್ಲಿಯವರೆಗೆ ಇವಳು ಒಲೆಗೆ ಕಡ್ಡಿ ಗೀರಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮ ಮನೆಯಲ್ಲಿರುವ ವಿದ್ಯುತ್ ಹೀಟರ್ ತಂದುಕೊಡುತ್ತೇನೆ, ಅದರಲ್ಲೇ ಕಳೆಯಬೇಕು ಎಂದ. ಅವಳು ಆಗಲಿ ಎಂದಳು. ಬೇಗನೇ ಒಪ್ಪಿಬಿಟ್ಟಳು, ಎಂದೂ ಯಾವುದಕ್ಕೂ ಹಾಗೆ ಒಪ್ಪಿದವಳಲ್ಲ. ಕೇಕು ಕೊಟ್ಟಳು, ಬಾರ್ಲಿ ಕಾಫಿ ಕೊಟ್ಟಳು.

ಹೊರಡುವಾಗ ಬಾಗಿಲಲ್ಲಿ ಅವಳು ಎಂದಿನಂತೆ ಕೈಚಾಚಿದಳು. ಅವನ ಮನಸ್ಸೂ ಆಗ ಹಗುರಾಗಿತ್ತು, ಎದೆ ಮುಂದೆ ಮಾಡಿ ನಿಂತ. ಅವಳು ಗುಂಡಿಯನ್ನು ಒಮ್ಮೆ ತಿರುವಿದಳು, ಸಾಲದೆಂದು ಇನ್ನೊಮ್ಮೆ ತಿರುವಿದಳು.

"ಸರಿ ಬಿಡು," ಎಂದಳು. "ಇನ್ನೇನು ಭಯ."

ಅವನು ನಕ್ಕುಬಿಟ್ಟ. ಆ ಗುಂಡಿಗೂ ಗೋಡೆಯ ಸೀಳಿಗೂ ಸಂಬಂಧವಿಲ್ಲ ಎಂದು ಅಲ್ಲೇ ನಿಂತು ಬಿಡಿಸಿ ಹೇಳಬೇಕಿತ್ತು. ಆದರೆ ಜನರು ಗುಂಡಿ ತಿರುವಿದಾಗ ನಗುತ್ತ ನಿಲ್ಲುವುದು ಅವನ ಕಸುಬಿನ ಭಾಗವೇ ಆಗಿತ್ತು, ಟೋಪಿ ಹಾಕಿಕೊಂಡ ಹಾಗೆ. ನಿಜವಾಗಿ ನಂಬುವವರೂ ಇದ್ದಾರೆ ಎಂಬುದು ಅವನಿಗೇ ಮರೆತುಹೋಗಿತ್ತು.

ರೋಸ್ವಿತಾ ಹೀಟರನ್ನೇನೋ ಕೊಟ್ಟಳು. ಜೊತೆಗೆ ಒಂದು ಮಾತನ್ನೂ ಕೊಟ್ಟಳು. "ನಿನ್ನ ಸಹಿ ನಂಬ್ಕೊಂಡು ಊರೇ ಮಲಗುತ್ತೆ. ಒಂದ್ಸಲ ಸುಳ್ಳಾದ್ರೆ ಮುಗೀತು. ಅವಳೇನಾದ್ರೂ ಮರೆತು ಒಲೆ ಹಚ್ಚಿದ್ರೆ?"

ಮಾತು ಕೊಟ್ಟಿದ್ದಾಳೆ, ಹಚ್ಚುವುದಿಲ್ಲ ಎಂದ ಗೆರ್ವಿನ್.

ಸೋಮವಾರ ಕ್ನಾಪೆ ಸಹಿ ಹಾಕಿದ ಬರಹವನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟ. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದ ಗೆರ್ವಿನ್‌ಗೆ ಆ ಮೆತ್ತನೆಯ ದನಿಯೇ ಹೆಚ್ಚು ಚುಚ್ಚಿತು. "ಸಹಿ ನಿಂದು," ಎಂದ ಕ್ನಾಪೆ, "ತಲೆನೂ ನಿಂದೇ. ನೆನಪಿರ್ಲಿ."

ಅಂದಿನಿಂದ ಗೆರ್ವಿನ್‌ಗೆ ಬೆಳಗಾಗುವುದೇ ಒಂದು ಕಂಟಕವಾಯಿತು. ಎಲ್ಲಿ ಕೆಲಸವಿದ್ದರೂ ಮೊದಲು ಧಾನ್ಯಪೇಟೆಗೆ ಹೋಗಿ, ಚೌಕದ ನಡುವಿನ ಕಾರಂಜಿಯ ಬಳಿ ನಿಂತು ತಲೆಯೆತ್ತುತ್ತಿದ್ದ. ನಡುಮನೆಯ ಗೂಡು ತಣ್ಣಗಿದ್ದರೆ ಉಸಿರು ಬಿಟ್ಟು ಮುಂದೆ ನಡೆಯುತ್ತಿದ್ದ. ಮುದುಕಿ ಕಿಟಕಿಯಿಂದ ಕೈ ಬೀಸಿ, ಏನು ಹೊಸದಾಗಿ ನೋಡ್ತಿದ್ದೀಯೋ ಎಂದು ಛೇಡಿಸುತ್ತಿದ್ದಳು. ಇಟ್ಟಿಗೆ ಭಟ್ಟಿಯವರು ಈ ವಾರ, ಮುಂದಿನ ವಾರ ಎನ್ನುತ್ತ ನವೆಂಬರ್ ತಂದಿಟ್ಟರು. ಅವನು ಭಟ್ಟಿಯ ಅಂಗಳಕ್ಕೇ ಹೋಗಿ ನಿಂತ, ಬೇಡಿದ, ಒಬ್ಬನ ಮೇಲೆ ರೇಗಿಯೂ ಬಂದ. ಕೊನೆಗೆ ಬರುವ ಮಂಗಳವಾರ ಖಂಡಿತ ಎಂದರು.

ಮಂಗಳವಾರಕ್ಕೆ ಮುಂಚಿನ ಶನಿವಾರ ಹಿಮಗಟ್ಟಿತು. ಕಾರಂಜಿಯ ನೀರು ಕಲ್ಲಾಗಿತ್ತು. ಸಂತೆಯ ದಿನ ಅದು. ಕೋಸು, ಈರುಳ್ಳಿ ಮಾರುವವರು ಬೆಳಗ್ಗೆಯೇ ಬಂದು ದೊಡ್ಡ ಚೌಕ ತುಂಬಿ ಧಾನ್ಯಪೇಟೆಯವರೆಗೂ ಹರಡಿಕೊಂಡಿದ್ದರು. ಗೆರ್ವಿನ್ ಕಾರಂಜಿಯ ಬಳಿ ನಿಂತಾಗ ಗೂಡು ತಣ್ಣಗೇ ಇತ್ತು. ನೆಮ್ಮದಿಯಿಂದ ಹೋಗಿ ಪುರಭವನದ ಮಾಡು ಹತ್ತಿದ.

ಇತ್ತ ಅವಳ ಮನೆಯಲ್ಲಿ ಹೀಟರ್ ಹಾಕುತ್ತಿದ್ದಂತೆ ಹಳೆಯ ತಂತಿಗಳು ಭಾರ ತಾಳದೆ ಫ್ಯೂಸು ಹೋಗಿತ್ತು. ಮುದುಕಿ ಕಂಬಳಿ ಹೊದ್ದಳು, ಕೋಟು ಹಾಕಿಕೊಂಡಳು, ಬೆರಳು ಮರಗಟ್ಟುವವರೆಗೂ ಕಾದಳು. ಕೊನೆಗೆ, ಹೊಗೆಗೂಡಿನವನು ಹೊಸ್ತಿಲು ದಾಟಿ ಹೋದ ಮನೆ, ಎರಡು ಸಲ ಗುಂಡಿ ತಿರುವಿದ್ದೇನೆ, ಒಂದೇ ಒಂದು ಸಲ ಹಚ್ಚಿದರೆ ಏನಾದೀತು ಎಂದುಕೊಂಡು ಒಲೆಗೆ ಕಲ್ಲಿದ್ದಲು ತುಂಬಿದಳು. ಕೋಣೆ ಬೆಚ್ಚಗಾಗುವವರೆಗೆ ಎಂದು ಮೇಲೆ ಹೋಗಿ ಮಲಗಿದಳು. ಇದೆಲ್ಲ ಆಮೇಲೆ ಅವಳೇ ಹೇಳಿದ್ದು.

ಮಾಡಿನ ಮೇಲಿದ್ದ ಗೆರ್ವಿನ್‌ಗೆ ಮೊದಲು ಅದು ಮಂಜು ಎನ್ನಿಸಿತು. ಊರಿನ ಎಲ್ಲ ಗೂಡುಗಳೂ ದಟ್ಟ ಹಳದಿ ಹೊಗೆ ಕಾರುತ್ತಿದ್ದವು. ಉತ್ತರದ ಸಾಲಿನ ನಾಲ್ಕು ಗೂಡು ಸತ್ತು ಬಿದ್ದಿದ್ದವು, ನಡುವಿನದರಿಂದ ಮಾತ್ರ ಸಣ್ಣಗೆ ಒಂದು ಎಳೆ. ಅವನು ರೆಪ್ಪೆ ಒರೆಸಿಕೊಂಡು ಮತ್ತೆ ನೋಡಿದ. ಹೊಗೆಯೇ. ಅವನು ಹೆದರಿದ್ದು ಹೊಗೆ ಕಂಡದ್ದಕ್ಕಲ್ಲ, ಅದು ಅಷ್ಟು ಕಡಿಮೆಯಿದ್ದದ್ದಕ್ಕೆ. ಇಂಥ ಚಳಿಯಲ್ಲಿ ಹಚ್ಚಿದ ಒಲೆಯ ಹೊಗೆ ಅಷ್ಟು ಸಣ್ಣಗಿರುವುದಿಲ್ಲ. ಉಳಿದದ್ದು ಒಳಗೆ ಹೋಗುತ್ತಿತ್ತು.

ಹೇಗೆ ಇಳಿದನೋ ಅವನಿಗೇ ತಿಳಿಯದು. ಪುರಭವನದ ಸುರುಳಿ ಮೆಟ್ಟಿಲಲ್ಲಿ ಟೋಪಿ ಬಿತ್ತು, ಬಿಟ್ಟು ಓಡಿದ. ಸಂತೆಯೊಳಗೆ ನುಗ್ಗಿದಾಗ ಜನ ನಗುತ್ತ ದಾರಿಗೆ ಅಡ್ಡ ಬಂದರು. ಓಡುವ ಹೊಗೆಗೂಡಿನವನು ಎದುರಾದರೆ ಎರಡರಷ್ಟು ಅದೃಷ್ಟವಂತೆ! ಎಡಕ್ಕೊಂದು ಕೈ, ಬಲಕ್ಕೊಂದು ಕೈ, ಎಲ್ಲವೂ ಎದೆಯ ಗುಂಡಿಗಳ ಕಡೆಗೇ. ಈರುಳ್ಳಿಯವಳು ಅಂಗಿಯನ್ನೇ ಹಿಡಿದುಕೊಂಡು, ನನಗೂ ಒಂದು ಸಲ ಮೇಸ್ತ್ರಿಗಳೇ, ಮಗಳ ಮದುವೆ ಇದೆ ಎಂದು ಬಿಡಲೊಲ್ಲಳು. ಗೆರ್ವಿನ್ ಅವಳ ಕೈಗೆ ಹೊಡೆದ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಚಾಚಿದ ಕೈಗೆ ಹೊಡೆದದ್ದು. ಜನ ಬೆಚ್ಚಿ ದಾರಿ ಬಿಟ್ಟರು, ಆಮೇಲೆ ಅವನ ಹಿಂದೆಯೇ ಓಡಿ ಬಂದರು.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಗೂಡು ಗುಡಿಸಲು ಇಳಿಸುವ ಹಗ್ಗದ ತುದಿಯ ಕಬ್ಬಿಣದ ಗುಂಡಿನಿಂದ ಕಿಟಕಿ ಒಡೆದು ಒಳಗೆ ಬಿದ್ದ. ಮೂಗಿಗೆ ಬಟ್ಟೆ ಕಟ್ಟಿ ಮೆಟ್ಟಿಲು ಹತ್ತಿದ. ಮುದುಕಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು, ಕೋಟು ಸಮೇತ. ಕೆನ್ನೆ ಎಳೆ ಹುಡುಗಿಯ ಕೆನ್ನೆಯ ಹಾಗೆ ಕೆಂಪಗಿತ್ತು. ಅದು ವಿಷಗಾಳಿ ಕುಡಿದವರ ಕೆಂಪು ಎಂದು ಗೊತ್ತಿದ್ದವನಿಗೆ ಅದಕ್ಕಿಂತ ಘೋರವಾದದ್ದು ಇನ್ನೊಂದಿಲ್ಲ. ಅವಳನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬಂದು ಚೌಕದ ಕಲ್ಲುಹಾಸಿನ ಮೇಲೆ, ಯಾರೋ ಹಾಸಿದ ಕೋಸಿನ ಗೋಣಿಗಳ ಮೇಲೆ ಮಲಗಿಸಿದ. ಉಸಿರಿತ್ತು, ಎಲ್ಲೋ ಆಳದಲ್ಲಿ.

ಆಂಬುಲೆನ್ಸ್ ಬರುವ ಹೊತ್ತಿಗೆ ಪುರಭವನದಿಂದ ಕ್ನಾಪೆಯೂ ಬಂದಿದ್ದ. ವೈದ್ಯ ಚಿಕ್ಕ ವಯಸ್ಸಿನವನು, ಕೈ ಚುರುಕು. ನಾಡಿ ಹಿಡಿದ, ಕಣ್ಣೆವೆ ಎತ್ತಿ ನೋಡಿದ, ವಯಸ್ಸು ಕೇಳಿದ. ಒಲೆ ಉರಿಯುತ್ತಿತ್ತೇ ಎಂದು ಕೇಳಿದ. ಉರಿಯುತ್ತಿತ್ತು ಎಂದ ಗೆರ್ವಿನ್.

"ಹೊಗೆಗೂಡು ಹೇಗಿದೆ?" ಎಂದ ವೈದ್ಯ.

ಗೆರ್ವಿನ್ ಬಾಯಿ ತೆರೆಯುವ ಮೊದಲೇ ಕ್ನಾಪೆ ಹೇಳಿದ. "ಹೋದ ತಿಂಗಳಷ್ಟೇ ನೋಡಿದಾರೆ ಡಾಕ್ಟ್ರೇ. ಸರಿಯಿದೆ ಅಂತ ಇವರೇ ಸಹಿ ಹಾಕಿದಾರೆ."

ಅವನು ಬೇಕೆಂದೇ ಹೇಳಿದನೋ, ತಿಳಿದದ್ದನ್ನು ಹೇಳಿದನೋ, ಊರಿನಲ್ಲಿ ಇಂದಿಗೂ ಜಗಳವಿದೆ. ಹಾಗಾದರೆ ಹೃದಯವೋ ಪಾರ್ಶ್ವವಾಯುವೋ ಇರಬೇಕು, ಈ ವಯಸ್ಸಿಗೆ ಈ ಚಳಿ ಸಾಕು ಎನ್ನುತ್ತ ವೈದ್ಯ ಸೂಜಿಮದ್ದಿನ ಪೆಟ್ಟಿಗೆಯ ಕಡೆ ತಿರುಗಿದ.

ಗೆರ್ವಿನ್ ಸುಮ್ಮನೆ ನಿಂತಿದ್ದ. ಜನ ಸುತ್ತ ನಿಂತಿದ್ದರು. ಅವರ ಬೆನ್ನ ಹಿಂದೆ ಐದು ಮನೆಗಳು ನಿಂತಿದ್ದವು. ಹೃದಯ ಎಂದೇ ಇರಲಿ, ಆಸ್ಪತ್ರೆಯಲ್ಲಿ ಹೇಗೂ ನೋಡುತ್ತಾರೆ, ಮಂಗಳವಾರ ಕೊಳವೆ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಇಷ್ಟೂ ಅವನ ತಲೆಯಲ್ಲಿ ಹಾದುಹೋಯಿತು. ಹಾದುಹೋಗಲು ಅವನು ಬಿಟ್ಟ, ಅದೇ ಅವನನ್ನು ಆಮೇಲೆ ಜೀವಮಾನವಿಡೀ ಸುಟ್ಟದ್ದು. ವೈದ್ಯನ ಕೈಯಲ್ಲಿ ಸೂಜಿ ಸಿದ್ಧವಾಯಿತು.

"ಹೃದಯ ಅಲ್ಲ," ಎಂದ ಗೆರ್ವಿನ್. "ಗೂಡು ಸೀಳಿದೆ. ವಿಷಗಾಳಿ ಕುಡಿದಿದಾರೆ. ನಂಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕ್ದೆ."

ವೈದ್ಯ ಒಂದು ಬೈಗುಳ ಬೈದು ಸೂಜಿ ಎಸೆದು ಆಮ್ಲಜನಕದ ಮುಖವಾಡ ಎಳೆದುಕೊಂಡ. ಕ್ನಾಪೆ ನೆಲ ನೋಡುತ್ತ ನಿಂತ. ಗೆದ್ದವನ ಮುಖ ಅದಾಗಿರಲಿಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಬೇಕು.

ಮುಂದಿನದು ಗೊತ್ತಿದ್ದದ್ದೇ. ವಿಚಾರಣೆಯಾಯಿತು, ಗೆರ್ವಿನ್‌ನ ಮೇಸ್ತ್ರಿಗಿರಿ ಹೋಯಿತು, ಜೈಲು ಕೂದಲೆಳೆಯಲ್ಲಿ ತಪ್ಪಿತು. ಹೊಸ ಬಡಾವಣೆಗೆ ಶಾಖ ಕೊಡುವ ಕುಲುಮೆಮನೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಕೆಲಸ ಕೊಟ್ಟರು. ಬೀದಿಯಲ್ಲಿ ಎದುರಾದರೆ ಜನ ಈಗ ಕೈಚಾಚುತ್ತಿರಲಿಲ್ಲ. ಮಾಮೂಲಿ ಅಂಗಿಗೆ ಗುಂಡಿಯಿದ್ದರೂ ಅದು ಬರೀ ಗುಂಡಿ. ಸಹಿ ಹಾಕಿದ್ದಕ್ಕೆ ಅರ್ಧ ಊರು ಬೈಯಿತು, ಒಪ್ಪಿಕೊಂಡದ್ದಕ್ಕೆ ಇನ್ನರ್ಧ ಊರು ಬೈಯಿತು. ರೋಸ್ವಿತಾ ಮಾತ್ರ ಒಂದು ದಿನವೂ ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಒಟ್ಟೀಲಿಯೆ ಬದುಕಿದಳು. ಅವಳು ಆಸ್ಪತ್ರೆಯಲ್ಲಿದ್ದಾಗ ಮೂರು ಸಲ ಹೋದ ಗೆರ್ವಿನ್ ಮೂರು ಸಲವೂ ಬಾಗಿಲವರೆಗೆ ಹೋಗಿ ತಿರುಗಿ ಬಂದ.

ಡಿಸೆಂಬರಿನಲ್ಲಿ ಕ್ನಾಪೆಯೇ ಅವನನ್ನು ಹುಡುಕಿಕೊಂಡು ಕುಲುಮೆಮನೆಗೆ ಬಂದ. ಸಾಲನ್ನು ಮರುದಿನ ಕೆಡವುವುದಿತ್ತು. ಕೆಡವುವ ಮೊದಲು ಗೂಡು ಗುಡಿಸಲೇಬೇಕು, ಇಲ್ಲದಿದ್ದರೆ ಮಸಿ ಹಾರಿ ಇಡೀ ಚೌಕ ಕಪ್ಪಾಗುತ್ತದೆ. ಹೊಸ ಮೇಸ್ತ್ರಿ ಆ ವಾಲಿದ ಮಾಡು ನೋಡಿ ಹತ್ತಲಾರೆ ಎಂದಿದ್ದ. ಬಾಗಿಲಲ್ಲಿ ನಿಂತು ಅಷ್ಟು ಹೇಳಲು ಕ್ನಾಪೆ ಬಹಳ ಒದ್ದಾಡಿದ. ಗೆರ್ವಿನ್ ಸಲಿಕೆ ಗೋಡೆಗೆ ಒರಗಿಸಿ, ಬರುತ್ತೇನೆ ಎಂದ.

ನಡುಮನೆಯ ಬಾಗಿಲು ತೆರೆದೇ ಇತ್ತು. ಸಾಮಾನೆಲ್ಲ ಹೊಸ ಫ್ಲಾಟಿಗೆ ಹೋಗಿತ್ತು. ಖಾಲಿ ಮನೆಯಲ್ಲಿ ಮುದುಕಿ ತಲೆಗೆ ಬಟ್ಟೆ ಕಟ್ಟಿಕೊಂಡು, ಮೊಣಕಾಲೂರಿ, ಬಕೆಟ್ಟು ಬ್ರಷ್ಷು ಇಟ್ಟುಕೊಂಡು ನೆಲ ತಿಕ್ಕುತ್ತಿದ್ದಳು. ಆಗಲೇ ಒರೆಸಿದ್ದ ಕಿಟಕಿ ಗಾಜುಗಳು ಹೊಳೆಯುತ್ತಿದ್ದವು. ಅವನು ಒಡೆದದ್ದಕ್ಕೆ ಮಾತ್ರ ರಟ್ಟು ಹೊಡೆದಿತ್ತು. ಅವನನ್ನು ಕಂಡು ಅವಳು ಮಸಿಯಪ್ಪ ಎನ್ನಲಿಲ್ಲ, ಕಾಲೊರೆಸಿಕೋ ಎನ್ನಲಿಲ್ಲ. ಅವನೂ ಮಾತಾಡದೆ ಮೇಲೆ ಹತ್ತಿದ. ಗುಂಡು ಇಳಿಸಿ, ಎಳೆದು, ಮತ್ತೆ ಇಳಿಸಿ, ಹಬ್ಬಕ್ಕೆ ಗುಡಿಸುವ ಹಾಗೆ ಚೊಕ್ಕವಾಗಿ ಗುಡಿಸಿದ. ಕೆಳಗಿಳಿದು ಮಸಿ ತುಂಬಿ ಕಟ್ಟಿದ.

"ಚೊಕ್ಕ ಆಯ್ತಾ?" ಎಂದಳು ತಲೆಯೆತ್ತದೆ.

"ಆಯ್ತು, ಫ್ರೌ ಬ್ರಾಂಡಿಸ್."

"ನಾಳೆ ಗೋಡೆ ಬಿದ್ದಾಗ ಊರೆಲ್ಲ ಒಳಗೆ ನೋಡುತ್ತೆ. ಬ್ರಾಂಡಿಸ್ ಮನೆ ಗಲೀಜಿತ್ತು ಅನ್ನಬಾರ್ದು."

ಅವನು ಹೋಗಲಾರದೆ ನಿಂತಿದ್ದ. ಕ್ಷಮೆ ಕೇಳಲೆಂದು ಬಾಯಿ ತೆರೆದ. ಅವಳು ಬ್ರಷ್ಷು ನಿಲ್ಲಿಸಿದಳು.

"ಅವತ್ತು ಗೋಣಿ ಮೇಲೆ ಮಲಗಿದ್ನಲ್ಲ," ಎಂದಳು. "ಕಣ್ಣು ಬಿಡೋಕೆ ಆಗ್ತಿರ್ಲಿಲ್ಲ. ಕಿವಿ ಕೇಳ್ತಿತ್ತು. ಆ ಡಾಕ್ಟ್ರು ಹೃದಯ ಅಂದಾಗ ನೀನು ಸುಮ್ನಿದ್ದೆ."

ಗೆರ್ವಿನ್ ಮಸಿಯ ಗಂಟನ್ನು ಕೆಳಗಿಟ್ಟ. "ಹೌದು," ಎಂದ. "ಸ್ವಲ್ಪ ಹೊತ್ತು ಸುಮ್ನಿದ್ದೆ."

"ಇನ್ನೂ ಸ್ವಲ್ಪ ಹೊತ್ತು ಸುಮ್ನಿರ್ಬೇಕಿತ್ತು ಕಣೋ. ಈ ಮನೆ ಮುಂದೇನೇ ಮುಗಿದುಹೋಗ್ತಿತ್ತು."

ಸಿಟ್ಟಿನಿಂದ ಹೇಳಿದ್ದಲ್ಲ, ಹಂಗಿಸಿ ಹೇಳಿದ್ದೂ ಅಲ್ಲ. ಅಂಗಡಿಯವನಿಗೆ ಇನ್ನೂ ಒಂದು ಹಿಡಿ ಹಾಕಬೇಕಿತ್ತು ಎನ್ನುವ ದನಿಯಲ್ಲಿ ಹೇಳಿದಳು. ಆಮೇಲೆ ಒದ್ದೆ ಬಟ್ಟೆ ಹಿಂಡಿ ಅವನ ಕಡೆ ಚಾಚಿದಳು. ಒಲೆಯ ಹಿಂದಿನ ಮೂಲೆಗೆ ತನ್ನ ಕೈ ಎಟುಕುವುದಿಲ್ಲ ಎಂದಳು. ಗೆರ್ವಿನ್ ಬೂಟು ಬಿಚ್ಚಿ ಹೊಸ್ತಿಲಾಚೆ ಇಟ್ಟು ಬಂದು, ಅವಳ ಪಕ್ಕದಲ್ಲಿ ಮೊಣಕಾಲೂರಿ, ಆ ಮೂಲೆ ಒರೆಸಿದ.